ಆರಾಧನಾಳ ಅರ್ಜಿಗೆ ಯಾರ ಒಪ್ಪಿಗೆ ಬೇಕು?

ನೃತ್ಯ ಪರೀಕ್ಷೆಗಳನ್ನು ನಡೆಸುವ ಕಚೇರಿಯ ಹಿರಿಯ ಅಧಿಕಾರಿಗಳೇ,

ಆರಾಧನಾ ಎಂಬ ಹದಿನೈದು ವರ್ಷದ ಹುಡುಗಿಯ ಪರೀಕ್ಷಾ ಅರ್ಜಿಯನ್ನು ನಿಮ್ಮ ಕಚೇರಿ ಮೂರನೆಯ ಸಲ ವಾಪಸು ಕಳಿಸಿದೆ. ಕಾರಣವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೀರಿ: "ಹಿಂದಿನ ಗುರುಗಳ ಒಪ್ಪಿಗೆ ಪತ್ರ ಲಗತ್ತಿಸಿರುವುದಿಲ್ಲ." ಆ ಹಿಂದಿನ ಗುರುಗಳು ಯಾರು ಗೊತ್ತೇ? ಯಾರ ತರಗತಿಯಲ್ಲಿ ಈ ಹುಡುಗಿ ಕಾಲಿನ ಮೂಳೆ ಬಿರುಕು ಬಿಟ್ಟ ಮೇಲೂ ಕುಣಿದಳೋ, ಯಾರ ಮಾತಿಗೆ ಹೆದರಿ ಅನ್ನ ಬಿಟ್ಟಳೋ, ಅವರೇ. ಹೊಡೆತ ತಿಂದವಳು ಹೊಡೆದವರ ಮನೆಗೇ ಹೋಗಿ, 'ಇನ್ನು ಮುಂದೆ ನಾನು ನಿಮ್ಮಿಂದ ಹೊಡೆಸಿಕೊಳ್ಳುವುದಿಲ್ಲ, ದಯವಿಟ್ಟು ಅಪ್ಪಣೆ ಕೊಡಿ' ಎಂದು ಬರೆಸಿಕೊಂಡು ಬರಬೇಕು ಎನ್ನುತ್ತದೆ ನಿಮ್ಮ ನಿಯಮ. ಇದನ್ನು ಬರೆದ ಮಹಾನುಭಾವರು ಯಾರೋ, ಅವರನ್ನು ಒಮ್ಮೆ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡಬೇಕೆಂದು ನನಗೆ ಬಹಳ ಆಸೆಯಿದೆ.

ಪತ್ರಿಕೆಯಲ್ಲಿ ಹೀಗೆ ಬಹಿರಂಗವಾಗಿ ಬರೆಯುವ ಈ ಹೆಂಗಸು ಯಾರು, ಆ ಹುಡುಗಿಗೆ ಇವಳು ಏನಾಗಬೇಕು ಎಂದು ನೀವು ಕೇಳಬಹುದು. ನಿಮ್ಮ ಕೌಂಟರಿನಲ್ಲಿ ಈಗಾಗಲೇ ಎರಡು ಸಲ ಕೇಳಿದ್ದಾರೆ. ನಾನು ಅವಳ ತಾಯಿಯಲ್ಲ, ನೆಂಟಳಲ್ಲ, ನೃತ್ಯ ವಿದುಷಿಯಂತೂ ಮೊದಲೇ ಅಲ್ಲ. ಚಾಮರಾಜಪೇಟೆಯಲ್ಲಿ ಹದಿನೇಳು ವರ್ಷದಿಂದ ನೃತ್ಯದ ಉಡುಪು ಹೊಲಿಯುತ್ತಿರುವವಳು. ಬಸವನಗುಡಿಯಿಂದ ಶೇಷಾದ್ರಿಪುರಂವರೆಗೆ ಗೆಜ್ಜೆ ಕಟ್ಟುವ ಎಷ್ಟೋ ಹೆಣ್ಣುಮಕ್ಕಳ ಅಳತೆ ನನ್ನ ಪುಸ್ತಕದಲ್ಲಿದೆ. ನನ್ನ ತಾಯಿ ಮುನಿಯಮ್ಮ ದೇವನಹಳ್ಳಿ ಕಡೆಯಿಂದ ಬಂದು ಹೊಲಿಗೆ ಕಲಿತು, ನನಗೂ ಕಲಿಸಿದರು. ದರ್ಜಿಗೆ ಶಾಸ್ತ್ರ ಏನು ಗೊತ್ತು ಎಂದು ನಗುವವರು ನಗಲಿ. ನನಗೆ ಮಕ್ಕಳ ಮೈ ಗೊತ್ತು. ಪೈಜಾಮದ ಅಳತೆಗೆ ಬಗ್ಗಿದಾಗ ಮೀನಖಂಡದ ಮೇಲೆ ಕೋಲಿನ ಬರೆ ಕಾಣುತ್ತದೆ. ತಾಳ ತಟ್ಟುವುದಕ್ಕೆಂದು ಗುರುಗಳ ಕೈಯಲ್ಲಿರುವ ಕೋಲು ಅದು. ಮಣೆಯ ಮೇಲೆ ಬೀಳಬೇಕಾದ ಪೆಟ್ಟು ಮಗುವಿನ ಕಾಲಿನ ಮೇಲೆ ಯಾಕೆ ಬಿತ್ತು ಎಂದು ಕೇಳಿದರೆ, 'ಬಿದ್ದೆ ಆಂಟಿ' ಎನ್ನುತ್ತವೆ. ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಹತ್ತು ವರ್ಷದ ಮಕ್ಕಳು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತವೆ. 'ಉಸಿರು ಬಿಡು ಮಗು, ಅಳತೆ ತಪ್ಪುತ್ತೆ' ಎಂದರೆ, 'ಬೇಡ ಆಂಟಿ, ಮೇಡಂ ನಿಮ್ಗೆ ಫೋನ್ ಮಾಡಿ ಕೇಳ್ತಾರೆ' ಎಂದು ಒಂದು ಮಗು ಹೇಳಿತ್ತು. ಮೇಡಂ ಕೇಳುತ್ತಿದ್ದದ್ದು ನಿಜ, ನಾನು ಹೇಳುತ್ತಿದ್ದದ್ದೂ ನಿಜ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದನ್ನು ಮುಚ್ಚಿಟ್ಟು ನಿಮ್ಮ ಮೇಲೆ ಹರಿಹಾಯುವ ಹಕ್ಕು ನನಗಿಲ್ಲ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಬೆಳೆಯುವ ಮಕ್ಕಳ ಉಡುಪು ಹೊಲಿಯುವಾಗ ಹೊಲಿಗೆಯ ಒಳಗಡೆ ಎರಡು ಮೂರು ಇಂಚು ಬಟ್ಟೆ ಬಿಟ್ಟಿರುತ್ತೇವೆ. ಮಗು ಮೈ ತುಂಬಿಕೊಂಡರೆ ಬಿಚ್ಚಿ ಸಡಿಲ ಮಾಡಿಕೊಡಬಹುದು. ಇದನ್ನು ಯಾರೂ ಹೇಳಬೇಕಿಲ್ಲ, ಕೈ ತಾನಾಗಿ ಬಿಡುತ್ತದೆ. ಈ ವರ್ಷ ಮಾರ್ಚ್ ತಿಂಗಳಲ್ಲಿ ಆರಾಧನಾಳನ್ನು ಅವಳ ಅಜ್ಜಿ ಭಾಗೀರಥಮ್ಮ ಸೀನಿಯರ್ ಪರೀಕ್ಷೆಯ ಉಡುಪಿಗಾಗಿ ಕರೆತಂದರು. ಸೊಂಟ ಇಪ್ಪತ್ತೆಂಟು ಬಂತು. ಸಂಜೆ ಎನ್.ಆರ್. ಕಾಲೋನಿಯಿಂದ ಅವಳ ಗುರುಗಳ ಫೋನು.

"ವಾಣಿ, ಎದೆ, ಸೊಂಟ ಎರಡ್ರಲ್ಲೂ ಎರಡಿಂಚು ಕಮ್ಮಿ ಇಡು."

"ಮೇಡಂ, ಬೆಳೆಯೋ ಹುಡುಗಿ. ಹುಕ್ಕೇ ಕೂರಲ್ಲ."

"ಬಟ್ಟೆ ಅವಳಿಗೆ ಹೊಂದೋದು ಬೇಡ, ಅವಳೇ ಬಟ್ಟೆಗೆ ಹೊಂದ್ಕೋತಾಳೆ. ಇನ್ನೂ ಎರಡು ತಿಂಗಳಿದೆ. ಮತ್ತೆ ನೋಡು, ಒಳಗೆ ಬಟ್ಟೆ ಬಿಡ್ಬೇಡ. ಬಿಟ್ರೆ ಆ ಅಜ್ಜಿ ನಿನ್ ಹತ್ರ ಬಂದು ಬಿಚ್ಚಿಸ್ಕೊಂಡು ಹೋಗ್ತಾರೆ."

ನಾನು ಬಟ್ಟೆ ಬಿಡಲಿಲ್ಲ. ಒಳಗಿನ ಬಟ್ಟೆಯನ್ನು ಹೊಲಿಗೆಯ ಅಂಚಿನವರೆಗೆ ಕತ್ತರಿಸಿ ಕಸಕ್ಕೆ ಹಾಕಿದೆ. ವರ್ಷಕ್ಕೆ ಮೂವತ್ತು ಮಕ್ಕಳನ್ನು ನನ್ನ ಅಂಗಡಿಗೆ ಕಳಿಸುವ ಗುರುಗಳು ಅವರು. ದೊಡ್ಡವರು ಹೇಳಿದ್ದಾರೆ, ಕಲೆಯ ವಿಷಯ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಹೇಡಿತನ. ಇವತ್ತಿಗೂ ಆ ಮಾತು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ಎರಡು ತಿಂಗಳು ಹುಡುಗಿ ಬಟ್ಟೆಗೆ ಹೇಗೆ ಹೊಂದಿಕೊಂಡಳು ಎಂದು ಭಾಗೀರಥಮ್ಮನವರನ್ನು ಕೇಳಿ. ಬೆಳಿಗ್ಗೆ ಒಂದು ಲೋಟ ನೀರುಮಜ್ಜಿಗೆ, ಮಧ್ಯಾಹ್ನ ನಾಲ್ಕು ಹೋಳು ಸೌತೆಕಾಯಿ. ಡಬ್ಬಿಯ ಚಿತ್ರಾನ್ನ ಶಾಲೆಯಿಂದ ಹಾಗೇ ವಾಪಸು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು, ಪರೀಕ್ಷೆಯ ಭಯವಿರಬೇಕು ಎಂದುಕೊಂಡರು. ಮೇ ತಿಂಗಳ ಮೊದಲ ವಾರ ಉಡುಪು ಒಯ್ಯಲು ಬಂದ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, ದನಿ ಇಳಿಸಿ, "ಎರಡು ತಿಂಗಳಾಯ್ತು ಕಣಮ್ಮ, ಮಗು ಹೊರಗಾಗಿಲ್ಲ. ಯಾರ್ ಹತ್ರ ಹೇಳ್ಲಿ?" ಎಂದರು. ನಾನು ಏನು ಹೇಳಿದೆ ಗೊತ್ತೇ? ಎಲ್ಲ ಸರಿಹೋಗುತ್ತೆ ಬಿಡಿ ಅಮ್ಮ ಎಂದೆ. ಕಾಲು ನೋಯುತ್ತದೆ ಎಂದು ಅವಳು ಗುರುಗಳಿಗೆ ಆಗಲೇ ಹೇಳಿದ್ದಳಂತೆ. ಮೊಣಕಾಲು ಎರಡೂ ಕಡೆಗೆ ಬಾಗಿಸಿ ಅರ್ಧ ಕೂತು ಮಾಡುವ ಅರೆಮಂಡಿಯಲ್ಲೇ ನೃತ್ಯದ ಬಹುಪಾಲು ಇರುವುದು. ಅದರಿಂದ ಎದ್ದರೆ ಕೋಲು. "ಕೂರೋಕೆ ಸೋಮಾರಿತನ, ನೋವಂತೆ ನೋವು. ನಮ್ಗೆಲ್ಲಾ ನೋಯ್ಲಿಲ್ವಾ?" ಎಂಬುದು ಬಂದ ಉತ್ತರ. ನೋಯಿತು ಮೇಡಂ, ನಿಮಗೂ ನೋಯಿತು. ಅದಕ್ಕೇ ಈ ಮಗುವಿಗೂ ನೋಯಬೇಕೇ?

ಪರೀಕ್ಷೆಯ ದಿನ ನಾನು ಅಲ್ಲಿದ್ದೆ. ಕೊನೆಯ ಗಳಿಗೆಯಲ್ಲಿ ಬಿಚ್ಚಿಹೋದದ್ದನ್ನು ಹೊಲಿದುಕೊಡಲು ಸೂಜಿ ದಾರ ಹಿಡಿದು ದರ್ಜಿಗಳು ಹೋಗುವುದು ವಾಡಿಕೆ. ಮಲ್ಲೇಶ್ವರಂನ ಒಂದು ಶಾಲೆಯ ಸಭಾಂಗಣ, ಕೆಳಗೆ ಕಲ್ಲುಹಾಸಿನ ನೆಲ. ಒಂದು ಚಾಪೆಯಿಲ್ಲ, ಮಕ್ಕಳಿಗೆ ಕಾಲು ಬಿಸಿ ಮಾಡಿಕೊಳ್ಳಲು ಒಂದು ಮೂಲೆಯಿಲ್ಲ. ಪರೀಕ್ಷಕರ ಮೇಜಿಗೆ ಮಾತ್ರ ಹೊಸ ಬಟ್ಟೆ ಹಾಸಿತ್ತು. ಆರಾಧನಾಳ ರವಿಕೆಯ ಹುಕ್ಕು ಕೂರಲಿಲ್ಲ. ಎಷ್ಟು ಉಪವಾಸವಿದ್ದರೂ ಪಕ್ಕೆಲುಬು ಕರಗುವುದಿಲ್ಲವಲ್ಲ! ಗುರುಗಳು, "ಹೊಲಿದ್ಬಿಡು, ಟೈಮಿಲ್ಲ" ಎಂದರು. ಹುಡುಗಿ ಉಸಿರು ಬಿಗಿಹಿಡಿದು ನಿಂತಳು. ನಾನು ಅವಳ ಬೆನ್ನಿಗೆ, ಮೈಮೇಲೇ, ಜೋಡಿ ದಾರದಲ್ಲಿ ರವಿಕೆಯನ್ನು ಹೊಲಿದೆ.

ಎರಡನೆಯ ಐಟಂನ ಮೂರನೆಯ ಜತಿಯ ಹೆಜ್ಜೆಗಳ ನಡುವೆ ಅವಳು ಬಿದ್ದಳು. ಜಾರಿ ಬಿದ್ದದ್ದಲ್ಲ, ನಿಂತಲ್ಲೇ ಕುಸಿದಳು. ನಾನು ಓಡಿಹೋಗಿ ಕತ್ತರಿ ಹಾಕಿ ಬೆನ್ನಿನ ದಾರ ಕತ್ತರಿಸಿದಾಗ ಅವಳು ಎಳೆದುಕೊಂಡ ಉಸಿರಿನ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಮೇಡಂ ಬೈತಿದಾರಾ?" ಎಂದು. ಬೈಯುತ್ತಿದ್ದರು. ಅಷ್ಟು ಜನರ ಮುಂದೆ ನನ್ನ ಮಾನ ತೆಗೆದಳು ಎಂದು ಹೊರಗೆ ವರಾಂಡದಲ್ಲಿ ಹೇಳಿಕೊಳ್ಳುತ್ತಿದ್ದರು. ಡಾಕ್ಟರು ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಇದು ಇವತ್ತಿನದಲ್ಲ, ವಾರಗಟ್ಟಲೆಯದು ಎಂದರು. ರಕ್ತವೂ ತೀರಾ ಕಡಿಮೆಯಿತ್ತು. ನಿಮ್ಮ ಪರೀಕ್ಷಕರು ಅಂಕಪಟ್ಟಿಯಲ್ಲಿ ಏನು ಬರೆದರು ಹೇಳಲೇ? "ಅಭ್ಯಾಸ ಸಾಲದು. ಶರೀರ ಸ್ಥೂಲ." ನೆಲದ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದ ಮಗುವನ್ನು ನೋಡಿ ಇಷ್ಟು ಚೊಕ್ಕವಾಗಿ ಬರೆಯಲು ಎಂಥ ಗಟ್ಟಿ ಎದೆ ಬೇಕು!

ಆರಾಧನಾ ಆ ತರಗತಿ ಬಿಟ್ಟಳು. ಜುಲೈಯಿಂದ ತ್ಯಾಗರಾಜನಗರದಲ್ಲಿ ಅಕ್ಷಯಾ ಎಂಬವರ ಬಳಿ ಕಲಿಯುತ್ತಿದ್ದಾಳೆ. ಮೊದಲ ತಿಂಗಳು ಅವರು ಇವಳನ್ನು ಕುಣಿಸಲೇ ಇಲ್ಲ, ಕುರ್ಚಿಯಲ್ಲಿ ಕೂರಿಸಿ ಮುಖ ಮತ್ತು ಕೈಯ ಅಭಿನಯ ಹೇಳಿಕೊಟ್ಟರು. ಅಲ್ಲಿ ಪಾಠ ಶುರುವಾಗುವ ಮೊದಲು ಕಾಲು ಗಂಟೆ ಮೈ ಸಡಿಲಿಸುವ ಅಭ್ಯಾಸ. ಆಮೇಲೆ ಟೀಚರು ಒಬ್ಬೊಬ್ಬರನ್ನೂ ಕೇಳುತ್ತಾರೆ: "ಎಲ್ಲಿ ನೋಯ್ತಿದೆ? ಏನು ತಿಂದ್ಕೊಂಡು ಬಂದೆ?" ಅವರು ತಪ್ಪನ್ನು ತಿದ್ದುವುದಿಲ್ಲ ಎಂದುಕೊಳ್ಳಬೇಡಿ. ಒಂದು ಹೆಜ್ಜೆಯನ್ನು ನಲವತ್ತು ಸಲ ಮಾಡಿಸುತ್ತಾರೆ, ನಾನೇ ಕೂತು ನೋಡಿದ್ದೇನೆ. ಆದರೆ ಮುಟ್ಟುವ ಮೊದಲು 'ಭುಜ ಹಿಡೀಲಾ?' ಎಂದು ಕೇಳುತ್ತಾರೆ. ಮರ್ಯಾದೆ ಕೊಟ್ಟು ಕಲಿಸಿದರೆ ಕಲೆ ಕೆಟ್ಟುಹೋಗುತ್ತದೆ ಎನ್ನುವವರು ಒಮ್ಮೆ ಅಲ್ಲಿಗೆ ಹೋಗಿ ನೋಡಬೇಕು.

ನವೆಂಬರ್ ಪರೀಕ್ಷೆಯ ಅರ್ಜಿಗೆ ಅಕ್ಷಯಾ ಸಹಿ ಹಾಕಿದರು. ಡಾಕ್ಟರ ಚೀಟಿಯನ್ನೂ ಲಗತ್ತಿಸಿ ನಾನು, ಭಾಗೀರಥಮ್ಮ ನಿಮ್ಮ ಕಚೇರಿಗೆ ಬಂದೆವು. ಕೌಂಟರಿನಲ್ಲಿದ್ದ ಶ್ರೀನಿವಾಸಯ್ಯನವರು ಅರ್ಜಿ ತಿರುವಿಹಾಕಿ, "ಗುರು ಬದಲಾದ್ರೆ ಹಳೇ ಗುರುಗಳ ಒಪ್ಪಿಗೆ ಬೇಕಲ್ಲಮ್ಮ" ಎಂದರು.

"ಸಾರ್, ಅವರ ಮೇಲೇ ದೂರಿದೆ."

"ದೂರಾ? ಹಾಗಿದ್ರೆ ದೂರನ್ನೂ ಅವರ ಮುಖಾಂತರವೇ ಕಳಿಸ್ಬೇಕು. ಡೈರೆಕ್ಟಾಗಿ ತಗೊಳ್ಳೋಕೆ ಬರಲ್ಲ."

"ಅವರೇ ಅವರ ಮೇಲೆ ದೂರು ಕೊಡ್ತಾರಾ ಸಾರ್?"

"ನನ್ನ ಕೇಳಿದ್ರೆ? ರೂಲ್ಸ್ ಮಾಡಿದ್ದು ನಾನಾ?" ಎಂದು ಅವರು ಪಾಪ ಫ್ಯಾನಿನ ಕಡೆ ನೋಡಿದರು.

ಸರಿ, ನಿಯಮ ಅವರದಲ್ಲ, ನಿಮ್ಮದು. ಹಾಗಾಗಿ ನಿಮ್ಮನ್ನು ಕೇಳುತ್ತೇನೆ. ಮಗು ಯಾವ ಗುರುವಿನ ಸ್ವತ್ತು? ಶಾಲೆ ಬದಲಿಸುವ ಮಗುವಿಗೆ ವರ್ಗಾವಣೆ ಪತ್ರ ಕೊಡುವುದಿಲ್ಲ ಎಂದು ಹೆಡ್‌ಮಾಸ್ಟರು ಹಟ ಹಿಡಿದರೆ ಊರು ಸುಮ್ಮನಿರುತ್ತದೆಯೇ? ನೃತ್ಯದಲ್ಲಿ ಮಾತ್ರ ಒಮ್ಮೆ ದಕ್ಷಿಣೆ ಇಟ್ಟು ನಮಸ್ಕಾರ ಮಾಡಿದರೆ ಮೂಳೆ ಮುರಿದರೂ ಬಿಡುಗಡೆಯಿಲ್ಲವೇ? ನಿಮ್ಮ ಪಠ್ಯದಲ್ಲಿ ಹಸ್ತಗಳ ಲೆಕ್ಕವಿದೆ, ತಾಳಗಳ ಲೆಕ್ಕವಿದೆ, ಕಣ್ಣು ಕತ್ತು ಎಷ್ಟು ಬಗೆಯಲ್ಲಿ ಆಡಬೇಕೆಂಬುದೂ ಇದೆ. ಆ ಕಣ್ಣು ಕತ್ತು ಇರುವ ಮಗು ಊಟ ಮಾಡಿದೆಯೇ, ನಿದ್ದೆ ಮಾಡಿದೆಯೇ ಎಂದು ಕೇಳುವ ಒಂದೇ ಒಂದು ಸಾಲು ಎಲ್ಲಿದೆ? ನಾನು ಹುಡುಕಿಸಿದೆ, ಸಿಗಲಿಲ್ಲ.

ಒಪ್ಪಿಗೆ ಪತ್ರ ಕೇಳಲು ಹುಡುಗಿಯ ತಂದೆ ಹೋಗಿದ್ದರು. ಗುರುಶಾಪಕ್ಕೆ ಹೆದರುವ ಸಂಭಾವಿತರು, ಈ ಪತ್ರವನ್ನು ಅವರು ಬರೆಯದೆ ನಾನು ಬರೆಯುತ್ತಿರುವುದೂ ಅದೇ ಕಾರಣಕ್ಕೆ. ಗುರುಗಳು ಒಂದು ಷರತ್ತು ಹಾಕಿದರು: ಆರಾಧನಾ ಬಂದು, ತರಗತಿಯ ಎಲ್ಲ ಮಕ್ಕಳ ಎದುರು ಕಾಲಿಗೆ ಬಿದ್ದು, 'ನನ್ನಿಂದ ತಪ್ಪಾಯಿತು' ಎಂದು ಕ್ಷಮೆ ಕೇಳಲಿ, ಆಮೇಲೆ ಸಹಿ. ನೃತ್ಯ ಕಲಿಯುವ ಪ್ರತಿಯೊಂದು ಮಗುವೂ ದಿನವೂ ಪಾಠಕ್ಕೆ ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತದೆ. ನಿನ್ನನ್ನು ತುಳಿಯುತ್ತೇನೆ ತಾಯಿ, ಕ್ಷಮಿಸು ಎಂದು ಭೂಮಿಯನ್ನು ಬೇಡಿಕೊಳ್ಳುವುದು ಅದರ ಅರ್ಥವೆಂದು ಈ ಮಕ್ಕಳೇ ನನಗೆ ಹೇಳಿಕೊಟ್ಟಿದ್ದಾರೆ. ನೆಲಕ್ಕೆ ನೋವಾದೀತೆಂದು ಕ್ಷಮೆ ಕೇಳುವ ವಿದ್ಯೆಯನ್ನು ಕಲಿಸುವವರು, ಮಗುವನ್ನೇ ತುಳಿದು, ಅದರಿಂದಲೇ ಕ್ಷಮೆ ಕೇಳಿಸಿಕೊಳ್ಳುತ್ತಾರೆ. ಅದಕ್ಕೆ ನಿಮ್ಮ ಕಚೇರಿಯ ಮುದ್ರೆಯ ಬೆಂಬಲ ಬೇರೆ. ನಿಮಗೆ ನಾಚಿಕೆಯಾಗಬೇಕು ಸ್ವಾಮಿ.

ಕಳೆದ ಶನಿವಾರ ಆರಾಧನಾ ಒಬ್ಬಳೇ ನನ್ನ ಅಂಗಡಿಗೆ ಬಂದಳು. "ಕ್ಷಮೆ ಕೇಳ್ಬಿಡ್ತೀನಿ ಆಂಟಿ. ನನಗೆ ಡ್ಯಾನ್ಸ್ ಬೇಕು, ಪರೀಕ್ಷೆನೂ ಬೇಕು. ಕಾಲಿಗೆ ಬಿದ್ರೆ ಏನ್ ಕಳ್ಕೋತೀನಿ?" ಎಂದಳು. ನಾನು ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ಬಂದು, "ನೀನ್ಯಾಕೆ ಕೇಳ್ಬೇಕು? ಕೇಳ್ಬೇಕಾದವಳು ನಾನು. ಅವತ್ತು ನಿನ್ ಬೆನ್ನಿಗೆ ಸೂಜಿ ಹಾಕ್ಬಾರ್ದಾಗಿತ್ತು. ತಪ್ಪಾಯ್ತು ಮಗು" ಎಂದೆ. ಅದಕ್ಕೆ ಅವಳು, "ಇಷ್ಟು ಜನದಲ್ಲಿ ನೀವೊಬ್ರೇ ಆಂಟಿ ಕೇಳಿದ್ದು" ಎಂದಳು. ಪತ್ರಿಕೆಗೆ ಬರೆಯುತ್ತೇನೆ, ನಿನ್ನ ಹೆಸರು ಬದಲಿಸಲೇ ಎಂದಾಗ, ಬೇಡ, ನನ್ನ ಹೆಸರೇ ಇರಲಿ ಎಂದವಳೂ ಅವಳೇ. ಅಜ್ಜಿಯೂ ಒಪ್ಪಿದ್ದಾರೆ.

ಆಗಸ್ಟ್ ಮೂವತ್ತೊಂದು ಅರ್ಜಿಗೆ ಕೊನೆಯ ದಿನ. ನಿಮ್ಮಿಂದ ಉತ್ತರ ಬರದಿದ್ದರೆ ಮೂವತ್ತರ ಸೋಮವಾರ ಸಂಜೆ, ತರಗತಿ ತುಂಬಿರುವ ಹೊತ್ತಿಗೆ ಆ ಮನೆಗೆ ಹೋಗುವುದೆಂದು ಅವಳು ನಿರ್ಧರಿಸಿದ್ದಾಳೆ. ತಡೆಯಲು ನನ್ನಿಂದ ಆಗಲಿಲ್ಲ, ನಿಮ್ಮಿಂದ ಆಗುತ್ತದೆ. ಹಳೆಯ ಗುರುಗಳ ಒಪ್ಪಿಗೆ ಎಂಬ ಆ ಸಾಲನ್ನು ಹೊಡೆದುಹಾಕಿ. ದೂರನ್ನು ಮಕ್ಕಳಿಂದ, ಮನೆಯವರಿಂದ ನೇರವಾಗಿ ತೆಗೆದುಕೊಳ್ಳಿ. ನವೆಂಬರಿನಲ್ಲಿ ಆ ಕಲ್ಲುನೆಲದ ಮೇಲೆ ಮರದ ಹಲಗೆಯನ್ನಾದರೂ ಹಾಸಿಸಿ, ಮಕ್ಕಳ ಮೈಯ ಗಾತ್ರದ ಬಗ್ಗೆ ಬರೆಯುವ ಪೆನ್ನನ್ನು ಪರೀಕ್ಷಕರ ಕೈಯಿಂದ ಕಿತ್ತುಕೊಳ್ಳಿ. ಇವೆಲ್ಲಕ್ಕೂ ಸಭೆ, ಸಮಿತಿ, ಸುತ್ತೋಲೆ ಬೇಕು ಎನ್ನುತ್ತೀರಾ? ಆಗಲಿ, ಮಾಡಿಕೊಳ್ಳಿ. ಆದರೆ ಒಂದು ಅರ್ಜಿ ನಾಲ್ಕನೆಯ ಸಲ ನಿಮ್ಮ ಮೇಜಿನ ಮೇಲಿದೆ. ಅದರ ಮೇಲೆ 'ಸ್ವೀಕರಿಸಲಾಗಿದೆ' ಎಂದು ಒತ್ತಲು ಯಾವ ಸಮಿತಿಯೂ ಬೇಡ, ಅರ್ಧ ನಿಮಿಷ ಸಾಕು. ಸೋಮವಾರಕ್ಕೆ ಮುಂಚೆ ಒತ್ತಿ.

ಇಂತಿ,
ಈ ಒಂದು ಸಹಿಗೆ ಯಾರ ಒಪ್ಪಿಗೆಯನ್ನೂ ಪಡೆಯದ,
ತಡವಾಗಿ ಬಾಯಿ ಬಿಟ್ಟ ದರ್ಜಿ
ವಾಣಿ
ಚಾಮರಾಜಪೇಟೆ, ೨೩ ಆಗಸ್ಟ್ ೨೦೦೪