ಹಾಲಮ್ಮನ ಹಿಮ್ಮಡಿ

“ನಾಟಕ ಮಾಡ್ತಾಳೆ, ಮೈಗಳ್ಳಿ!” ಅಂತ ಹೆತ್ತ ಅಪ್ಪನಾಗಿ ಹಾಲಮ್ಮನಿಗೆ ಅಂದಿರಲ್ಲ, ಆ ಮಾತನ್ನು ನಾನು ನುಂಗುವುದಿಲ್ಲ.

ಈ ವರ್ಷ ಮಗಳ ಕಾಲು ಆರು ಸಲ ಉಳುಕಿತು. ಕಾಲು ಮುಂದಾಗಿ ಹುಟ್ಟಿದವನು ತುಳಿದರೆ ಉಳುಕು ಬಿಡುತ್ತದೆ ಎಂದು ಆರು ಸಲವೂ ಹಾಗೆ ಹುಟ್ಟಿದ ನಮ್ಮೂರ ಮೂಕಪ್ಪನಿಂದ ತುಳಿಸಿದಿರಿ. ಹುಡುಗಿಯ ಕೈ ಒತ್ತಿ ಹಿಡಿದವಳು ನಾನೇ. ನನ್ನದೂ ತಪ್ಪು.

ನಿನ್ನೆ ಹೊನ್ನಾಳಿಯ ಡಾಕ್ಟರು ಅವಳನ್ನು ಹಿಂದಿನಿಂದ ನೋಡಿ, “ಹಿಮ್ಮಡಿನೇ ಒಳಕ್ಕೆ ವಾಲೈತೆ ನೋಡಮ್ಮ. ಭಾರ ಹೊರ ಅಂಚಿಗೆ ಬೀಳ್ತೈತೆ, ಸಡ್ಲಾದ ಕೀಲು ಮತ್ತೆ ಮತ್ತೆ ಹೊರಳ್ತೈತೆ” ಎಂದರು. ಚಪ್ಪಲಿಯ ಹೊರಬದಿಗೆ ತೊಗಲು ಏರಿಸಬೇಕು, ಎರಡು ತಿಂಗಳು ಹೊರೆ ಹೊರಬಾರದು ಎಂದರು. ನೀವು ನಕ್ಕು, ಸೋಮವಾರದಿಂದ ಶೇಂಗಾ ಮೂಟೆ ಹೊರಲಿ ಅಂದಿರಿ.

ಬೆಳಿಗ್ಗೆ ಅವಳು ಒದ್ದೆ ಕಾಲಲ್ಲಿ ಪಡಸಾಲೆ ದಾಟಿದಳು. ಹೆಜ್ಜೆಗಳೆಲ್ಲ ಬಿದಿಗೆ ಚಂದ್ರನ ಹಾಗೆ, ಬರೀ ಹೊರ ಅಂಚು. ಹದಿನಾರು ವರ್ಷ ಈ ಮಗು ನೆಲದ ಅಂಚಿನ ಮೇಲೆಯೇ ತೇಲುತ್ತಾ ಬಂದಿದೆ ಅನ್ನಿಸಿತು. ಒಂದೊಂದೇ ಚಂದ್ರ ಆರಿಹೋಗುವವರೆಗೂ ನಿಂತಿದ್ದೆ. ಒಲೆಯ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ರೊಟ್ಟಿ ಮಾಡಿಟ್ಟಿದ್ದೇನೆ. ಎಮ್ಮೆಗೆ ಹಿಂಡಿ ನೆನೆದಿದೆ. ಅದು ಒದೆಯುತ್ತದೆ, ಹಿಂದೆ ನಿಲ್ಲಬೇಡಿ. ನಿಮ್ಮ ಕೆಮ್ಮಿನ ಔಷಧಿ ಕಿಟಕಿಯಲ್ಲಿದೆ, ಮರೆಯದೆ ಕುಡಿಯಿರಿ.

ನಾವು ಜಗಳೂರಿಗೆ, ನನ್ನ ಅಣ್ಣನ ಮನೆಗೆ ಹೊರಟೆವು. ಕರೆಯಲು ಬರಬೇಡಿ, ನಾವು ತಿರುಗಿ ಬರುವುದಿಲ್ಲ. ಅವಳು ಆಗಲೇ ಒಬ್ಬಳೇ ದಾರಿ ಹಿಡಿದಿದ್ದಾಳೆ. ಕೈ ಹಿಡಿಯಲು ನಾನು ಓಡಬೇಕು.

ಸಾವಂತ್ರಮ್ಮ