ನಡುಗೋಡೆ ಕೆಡವಿದ ಮರುದಿನ

ತಮ್ಮಾ,

ಪಾಳಿ ಮುಗಿಸಿ ಬಂದವನೇ ಅಡುಗೆಮನೆಗೆ ನುಗ್ಗಬೇಡ. ನಿನ್ನ ಫೋನ್ ಆಫ್ ಇದೆ, ಅದಕ್ಕೇ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ನಾವು ಕೆಡವಿಸಿದ ಗೋಡೆಯೇ ಮಾಳಿಗೆಯನ್ನು ಹೊತ್ತಿತ್ತು ಅಂತ ಕಾಣುತ್ತದೆ. ಅಡುಗೆಮನೆ ಗೋಡೆಯಲ್ಲಿ ನಿನ್ನೆ ಸಂಜೆ ಕೂದಲೆಳೆಯಷ್ಟಿದ್ದ ಬಿರುಕಿನೊಳಗೆ ಈಗ ನನ್ನ ಬೆರಳು ಹೋಗುತ್ತದೆ. ಇಂಜಿನಿಯರನ್ನು ಎಳೆದುಕೊಂಡಾದರೂ ಬರುತ್ತೇನೆ.

ಅಲ್ಲಿಯವರೆಗೆ ಮೇಸ್ತ್ರಿಯನ್ನೂ ಒಳಗೆ ಬಿಡಬೇಡ. “ಏನಾಗಲ್ಲ ಬಿಡಿ, ಪುಟ್ಟಿ ಹಚ್ಚಿ ಬಣ್ಣ ಹೊಡೆದ್ರೆ ಗೊತ್ತೇ ಆಗಲ್ಲ” ಅಂತಾನೆ. ತಲೆಯಾಡಿಸಬೇಡ.

ಹನ್ನೊಂದಕ್ಕೆ ಆ ಟೀಚರಮ್ಮ ಮನೆ ನೋಡಲು ಮಗುವನ್ನು ಎತ್ತಿಕೊಂಡು ಬರುತ್ತಾರೆ. ಗೇಟಿನಲ್ಲೇ ನಿಲ್ಲಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳು. ಕೊಳ್ಳದಿದ್ದರೆ ಬೇಡ.

ಇನ್ನೊಮ್ಮೆ ಹಳೆ ಮನೆ ಕೊಂಡು, ರಿಪೇರಿ ಮಾಡಿ ಮಾರುವ ಧೈರ್ಯ ಬಂದರೆ, ಟೈಲ್ಸ್ ಆರಿಸುವ ಮುಂಚೆ ಯಾವ ಗೋಡೆ ಏನು ಹೊತ್ತಿದೆ ಅಂತ ಕೇಳೋಣ.

ನಿನ್ನೆ ಫೋನಿನಲ್ಲಿ ಅಮ್ಮನಿಗೆ, “ಎಲ್ಲಾ ಇವನದೇ ಅವಸರ” ಅಂದೆ. ನೀನು ಬೂಟು ಕಟ್ಟುತ್ತಾ ಕೇಳಿಸಿಕೊಂಡು ಪಾಳಿಗೆ ಹೊರಟೆ. “ಇಂಜಿನಿಯರ್ ನೋಡ್ಲಿ, ತಡಿ ಅಕ್ಕಾ” ಅಂತ ಮೂರು ಸಲ ಹೇಳಿದ್ದು ನೀನು. ಬೇಡ ಅಂದವಳು ನಾನು.

ದಾರಿಯಲ್ಲೇ ಅಮ್ಮನಿಗೆ ಹೇಳಿಬಿಡುತ್ತೇನೆ.

ಅಕ್ಕ