ಹಳ್ಳ ಬತ್ತಿದ ಮಧ್ಯಾಹ್ನ

ಆಲ್ದೂರು
ಅಕ್ಟೋಬರ್ 14, 2025

ಶಶಿಕಿರಣ್ ಅವರಿಗೆ,

ನಮಸ್ಕಾರ. ನಿಮ್ಮ ಕ್ಷೇಮ ಕೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನೇರ ವಿಷಯಕ್ಕೇ ಬರುತ್ತೇನೆ.

ನಿಮ್ಮ ಪತ್ರ ತಲುಪಿತು. ನಾನು ತವರಿಗೆ ಬಂದ ಮೇಲೆ ನೀವು ಬರೆದ ಮೊದಲ ಪತ್ರ ಅದು. "ಪ್ರೀತಿಯ ಧನ್ಯಾ" ಎಂದು ಶುರುಮಾಡಿದ್ದೀರಿ. ಓದುತ್ತಾ ಒಂದು ಕ್ಷಣ ಮೆತ್ತಗಾದೆ, ಸುಳ್ಳು ಹೇಳುವುದಿಲ್ಲ. ಎರಡನೆಯ ಪುಟದಲ್ಲಿ ಅಸಲು ಮಾತು ಬಂತು. ನಿಮ್ಮ ತೋಟದ ಕಡವೆಗುಡ್ಡ ಕುಸಿದದ್ದು ಬರೀ ಅತಿಮಳೆಯಿಂದ, ಯಾರ ತಪ್ಪೂ ಇಲ್ಲ ಎಂದು ನಾನು, ಕುಸಿತದ ತನಿಖೆಗೆ ಸರ್ಕಾರ ನೇಮಿಸಿದ ಸಮಿತಿಯ ಸದಸ್ಯೆಯಾಗಿ, ವರದಿಯಲ್ಲಿ ಬರೆಯಬೇಕು. ಆಗ ನಿಮ್ಮ ಕಾಟೇಜುಗಳ ಬಾಗಿಲು ಮತ್ತೆ ತೆರೆಯುತ್ತದೆ.

ಮಾರ್ಚ್ ತಿಂಗಳ ಆ ಊಟ ನೆನಪಿದೆಯೇ? ನಿಮ್ಮ ಗೆಸ್ಟುಗಳು ಗುಡ್ಡದ ತಲೆಯ ಮೇಲೆ ಹಚ್ಚಿದ ಕ್ಯಾಂಪ್ ಫೈರ್ ಹುಲ್ಲಿಗೆ ತಗುಲಿ ಇಡೀ ಮಗ್ಗುಲು ಕಪ್ಪಾಗಿತ್ತು. ಸುಟ್ಟ ಮಣ್ಣಿನಲ್ಲಿ ಬೇರಿನ ಹಿಡಿತ ಉಳಿಯುವುದಿಲ್ಲ, ಅದರ ಕೆಳಗೆ ಕಾಟೇಜಿಗೆಂದು ಗುಡ್ಡದ ಬುಡ ಕೊರೆದು ರಸ್ತೆ ಮಾಡಿದ್ದೀರಿ, ಮೇಲೆ ಬೋಟಿಂಗಿಗೆಂದು ಕೆರೆ ತುಂಬಿಸಿದ್ದೀರಿ ಎಂದೆ. ಬೆಂಕಿ ನೋಡಲು ಬಂದ ಅಧಿಕಾರಿಗಳು ಬೆಂಕಿಯನ್ನಷ್ಟೇ ನೋಡಿದರು, ರಸ್ತೆಗೆ ಒಪ್ಪಿಗೆ ಕೊಟ್ಟವರು ರಸ್ತೆಯನ್ನು, ಕೆರೆಗೆ ಕೊಟ್ಟವರು ಕೆರೆಯನ್ನು. ಎಲ್ಲರೂ ತಮ್ಮ ಪಾಲಿನದು ಸರಿಯಿದೆ ಎಂದರು. ಇವೆಲ್ಲ ಸೇರಿದ ಜಾಗದ ಮೇಲೆ ಆಗಸ್ಟಿನ ಮಳೆ ಬಿದ್ದರೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ನೀವು ಗೆಸ್ಟುಗಳ ಕಡೆ ತಿರುಗಿ, ಕಾಲೇಜಿನಲ್ಲಿ ಕಲ್ಲುಮಣ್ಣಿನ ಪಾಠ ಮಾಡಿ ಮಾಡಿ ಇವಳಿಗೆ ಗುಡ್ಡ ಕಂಡರೂ ಭಯ ಎಂದು ನಗಿಸಿದಿರಿ. ಮರುದಿನ ನನ್ನ ಅಪ್ಪನಿಗೆ ಫೋನ್ ಮಾಡಿ, ಮಗಳ ತಲೆ ಸರಿಯಿಲ್ಲ, ಸ್ವಲ್ಪ ದಿನ ಕರೆದುಕೊಂಡು ಹೋಗಿ ಎಂದಿರಿ. ಅಪ್ಪ ಬಂದು ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಆ ತಗ್ಗಿದ ತಲೆಯನ್ನು ನಾನು ಮರೆತಿಲ್ಲ.

ಆಗಸ್ಟಿನ ಆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದೆ. ಅತ್ತೆಯ ಫೋನ್ ಬಂತು. ನನ್ನನ್ನು ಕಳಿಸಿದ ಮೇಲೂ ನಿಮ್ಮ ಅಮ್ಮ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. "ಧನ್ಯಾ, ಮಳೆ ಹಿಂಗೆ ಹೊಯ್ತಾ ಇದೆ, ಹಳ್ಳದಲ್ಲಿ ನೀರೇ ಇಲ್ವಲ್ಲೇ" ಎಂದರು. ನನಗೆ ಕೂಡಲೇ ಅರ್ಥವಾಯಿತು. ಮೇಲೆಲ್ಲೋ ಗುಡ್ಡ ಜಾರಿ ಹಳ್ಳಕ್ಕೆ ಅಡ್ಡ ಬಿದ್ದಿದೆ, ನೀರು ಅದರ ಹಿಂದೆ ತುಂಬುತ್ತಿದೆ, ಒಡೆದರೆ ತೋಟದ ಕೂಲಿಯವರ ಲೈನಿನ ಮನೆಗಳು ಉಳಿಯುವುದಿಲ್ಲ. ಎಲ್ಲರನ್ನೂ ಈಗಲೇ ಎದುರು ದಿಬ್ಬದ ಶಾಲೆಗೆ ಹತ್ತಿಸಿ ಎಂದೆ. ಅತ್ತೆ ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ.

ಆಮೇಲೆ ನಿಮಗೆ ಫೋನ್ ಮಾಡಿದೆ. ನೀವು ಖುಷಿಯಲ್ಲಿದ್ದಿರಿ. ಹಳ್ಳ ಇಳಿದಿದೆ, ಹೂಳಿನಲ್ಲಿ ಸಿಕ್ಕಿದ್ದ ಪಂಪು ಎತ್ತಲು ತೋಟದ ಲೆಕ್ಕ ಬರೆಯುವ ರೈಟರ್ ಚನ್ನಬಸವನನ್ನು ಇಳಿಸಿದ್ದೇನೆ ಎಂದಿರಿ. ಅವನನ್ನು ಮೇಲೆ ಕರೆಯಿರಿ ಎಂದು ಬೇಡಿಕೊಂಡೆ. "ನಿನ್ ಪಾಠ ನಿನ್ ಹುಡುಗ್ರಿಗೆ ಮಾಡು" ಎಂದು ಫೋನ್ ಇಟ್ಟಿರಿ. ಚನ್ನಬಸವನಿಗೆ ನಾನೇ ಮಾಡಿದೆ. ರಿಂಗಾಗುತ್ತಲೇ ಇತ್ತು.

ಹಳ್ಳ ಒಡೆದು ಬಂದಾಗ ಲೈನಿನವರೆಲ್ಲ ದಿಬ್ಬದ ಮೇಲಿದ್ದರು. ತಮ್ಮ ಮನೆಗಳು ಕೆಸರಿನಲ್ಲಿ ಹೋಗುವುದನ್ನು ಅಲ್ಲಿಂದಲೇ ನೋಡಿದರು. ಗಂಡ ಹಿಂದೆಯೇ ಬರುತ್ತಿದ್ದಾನೆಂದು ನಂಬಿ ಹತ್ತಿದ್ದ ಚನ್ನಬಸವನ ಹೆಂಡತಿ ಗಿರಿಜಾಂಬಾ ಒಬ್ಬೊಬ್ಬರ ಮುಖವನ್ನೂ ಹುಡುಕುತ್ತಿದ್ದಳಂತೆ. ಚನ್ನಬಸವ ಸಿಕ್ಕಿದ್ದು ಹೊಳೆ ಸೇರುವ ಕಡೆ, ಮರದ ದಿಮ್ಮಿಗಳ ನಡುವೆ. "ಅವನು ತಾನಾಗಿಯೇ ಇಳಿದ, ನಾನು ಬೇಡವೆಂದಿದ್ದೆ" ಎಂದು ನೀವು ಪೊಲೀಸರಿಗೆ ಹೇಳಿದಿರಿ. ತಪ್ಪನ್ನು ಸತ್ತವನ ಮೇಲೆ ಹಾಕಿಬಿಟ್ಟಿರಿ. ನನಗೆ ಸೇಡು ಹುಟ್ಟಿದ್ದು ಆ ದಿನ. ಅದಕ್ಕೆ ಮೊದಲಿದ್ದದ್ದು ಬರೀ ನೋವು.

ಹೌದು, ಸೇಡೇ. ಅದು ಗುಡ್ಡ ಅಳೆಯುವ ಕೆಲಸದಲ್ಲಿ ಬೆರೆಯಬಾರದೆಂದು, ಇದು ನನ್ನ ಗಂಡನ ತೋಟ, ಬೇರೆಯವರಿಂದಲೂ ಅಳೆಸಿ ಎಂದು ಸಮಿತಿಗೆ ಬರೆದುಕೊಟ್ಟೆ. ಹೊರಗಿನಿಂದ ಒಬ್ಬರು ಬಂದರು. ನಾನು ಎಳೆದ ಅಪಾಯದ ಗೆರೆಗಿಂತ ಅವರ ಗೆರೆ ಇನ್ನೂ ಮುಂದೆ, ನಿಮ್ಮ ಬಂಗಲೆಯ ಅಂಗಳದವರೆಗೆ ಬಂದಿದೆ. ಓದಿ ನಾನು ಜಗಲಿಯಲ್ಲಿ ಒಬ್ಬಳೇ ಕೂತು ನಕ್ಕೆ. ಅಪ್ಪ ಒಳಗಿನಿಂದ ಏನಾಯಿತೆಂದು ಕೇಳಿದರು.

ಬೆಂಕಿ, ರಸ್ತೆ, ಕೆರೆ, ಮಳೆ, ಕುಸಿತ, ಪ್ರವಾಹ, ಒಂದರಿಂದ ಒಂದು ಹೇಗೆ ಹುಟ್ಟಿತು ಎಂದು ವರದಿಯಲ್ಲಿ ಬರೆದಾಗಿದೆ. ಕೆರೆ ಒಡೆಸಿ ಖಾಲಿ ಮಾಡಬೇಕು, ಕಾಟೇಜುಗಳನ್ನು ಕೆಡವಬೇಕು, ಆ ಮಗ್ಗುಲಿನಲ್ಲಿ ಇನ್ನು ಯಾರೂ ಮಲಗಬಾರದು. ಲೈನಿನವರಿಗೆ ಮನೆ ಕಟ್ಟಲು ತೋಟದಲ್ಲಿ ಒಂದೇ ಗಟ್ಟಿ ಜಾಗವಿದೆ, ಕಾಫಿ ಒಣಗಿಸುವ ಕಣ. ನಿಮ್ಮ ಪಾರ್ಟಿಗಳಿಗೆ ದೀಪ ಕಟ್ಟುತ್ತಿದ್ದಿರಲ್ಲ, ಅದೇ. ಅಲ್ಲಿ ಮೊದಲ ಮನೆ ಗಿರಿಜಾಂಬಾಳಿಗೆ. ಬೆಳಗ್ಗೆ ಕಿಟಕಿ ತೆರೆದಾಗಲೆಲ್ಲ ಅವಳ ಬಾಗಿಲು ನಿಮಗೆ ಕಾಣಲಿ ಎಂಬುದು ಮಾತ್ರ ವರದಿಯಲ್ಲಿಲ್ಲದ ನನ್ನ ಸ್ವಂತ ಆಸೆ.

ಇನ್ನು ಪತ್ರ ಬರೆಯಬೇಡಿ. ಬರೆಯುವುದಿದ್ದರೆ ಅವಳಿಗೆ ಬರೆಯಿರಿ.

ನಿಮ್ಮ ಹೆಸರನ್ನು ತನ್ನ ಹೆಸರಿನಿಂದ ತೆಗೆದುಹಾಕಿರುವ,
ಧನ್ಯಾ

ತಾ.ಕ.: ಹೊರನಾಡಿಗೆಂದು ಹೋದ ಅಮ್ಮ ಇನ್ನೂ ಬಂದಿಲ್ಲ, ಎಲ್ಲಿದ್ದಾರೋ ಎಂದು ಕೇಳಿದ್ದೀರಿ. ನನ್ನ ಜೊತೆಗಿದ್ದಾರೆ. ಆ ಮಧ್ಯಾಹ್ನ ನೀವು ನನ್ನ ಫೋನ್ ಇಟ್ಟ ಮೇಲೆ ಅವರು ಮಳೆಯಲ್ಲೇ ಹಳ್ಳದ ದಂಡೆಗೆ ಬಂದು, ನಿಮ್ಮ ಕೈ ಹಿಡಿದು, ಚನ್ನಬಸವನನ್ನು ಕರೆಯೋ ಎಂದದ್ದನ್ನೂ, ಪಂಪು ಬರದೆ ಅವನು ಹತ್ತುವ ಹಾಗಿಲ್ಲ ಎಂದು ನೀವು ಅಂದದ್ದನ್ನೂ ನೀವು ಯಾರಿಗೂ ಹೇಳಿಲ್ಲ. ಅವರು ನಿನ್ನೆ ಪೊಲೀಸರ ಮುಂದೆ ಹೇಳಿ ಬಂದರು. ನಾನು ಕೇಳಿಕೊಂಡದ್ದಲ್ಲ. ಪತ್ರ ಬರೆಯುತ್ತಿದ್ದೇನೆಂದು ತಿಳಿದು ಈಗ ಪಕ್ಕದಲ್ಲಿ ಕೂತು ಹೇಳುತ್ತಿದ್ದಾರೆ: "ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತ ಬರಿ ಅವ್ನಿಗೆ. ಹೇಳಿದ್ದನ್ನ ನಾನು ವಾಪಸ್ ತಗೊಳಲ್ಲ ಅಂತಾನೂ ಬರಿ."